ಓದುಗರ ಪ್ರಶ್ನೆ, ನಮ್ಮ ಉತ್ತರ: ಅಚ್ಚುಕೂಟದ ಹೊಸ ಯಂತ್ರ, ಹಳೆಯ ಹಟ

ಕಳೆದ ಸಂಚಿಕೆಯಲ್ಲಿ ಇ-ಪುಸ್ತಕದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳು ಎಷ್ಟಿದ್ದವೆಂದರೆ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಬಿಟ್ಟುಕೊಡಬೇಕಾಯಿತು. ಹೆಸರು ಹಾಕಬೇಡಿರೆಂದು ಹಲವರು ಕೇಳಿಕೊಂಡದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಉದ್ದವಾದ ಪತ್ರಗಳನ್ನು ಅರ್ಥ ಕೆಡದಂತೆ ಕತ್ತರಿಸಿದ್ದೇನೆ.

ಪ್ರಶ್ನೆ: ಧಾರವಾಡದ ಪ್ರಕಾಶನಕ್ಕೆ ದೊಡ್ಡ ಪರಂಪರೆ ಇದೆ ಎಂದು ಹೆಮ್ಮೆ ಪಡುತ್ತೇವೆ. ಆದರೆ ನನಗೆ ಗೊತ್ತಿರುವ ಪ್ರಕಾಶಕರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಇ-ಪುಸ್ತಕ, ಆಡಿಯೋ ಪುಸ್ತಕ ಎಂದೊಡನೆ ಮುಖ ತಿರುಗಿಸುತ್ತಾರೆ. ಹೊಸತನ್ನು ಕಂಡರೆ ನಮ್ಮವರಿಗೇಕೆ ಇಷ್ಟು ಅಂಜಿಕೆ? (ಕಾಲೇಜು ಅಧ್ಯಾಪಕರು, ಧಾರವಾಡ)

ಉತ್ತರ: ನಮ್ಮ ಭಾಗದ ಪ್ರಕಾಶನದ ಚರಿತ್ರೆಯಲ್ಲಿ ಅಂಜಿಕೆಗಿಂತ ಎದೆಗಾರಿಕೆಯ ಕಥೆಗಳೇ ಹೆಚ್ಚು. ಹಾವೇರಿ ಸೀಮೆಯ ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರು, ತಾಳೆಗರಿಯಲ್ಲಿ ಉಳಿದಿದ್ದ ವಚನಗಳನ್ನು ಅಚ್ಚಿಗೆ ತರಬೇಕೆಂಬ ಒಂದೇ ಹಂಬಲದಿಂದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು, ಅವರ ಹಣದ ಬಲದ ಮೇಲೆ ಹೊಸ ಬರಹಗಾರರನ್ನು ಅಚ್ಚು ಮಾಡುವ ದಾರಿ ಹಿಡಿದರು. ಇಂದು ಮೊಬೈಲಿನ ಓದಿನ ಆ್ಯಪ್‌ಗಳು ತಿಂಗಳ ಚಂದಾ ಎಂದು ಕೇಳುವುದು ಅದೇ ಲೆಕ್ಕವನ್ನು. ಧಾರವಾಡದ ಆ ಗ್ರಂಥಮಾಲೆಯಲ್ಲಿ ಅದು ತೊಂಬತ್ತು ವರ್ಷಗಳ ಹಿಂದೆಯೇ ನಡೆದಿತ್ತು.

ಹಾಗಾದರೆ ಈಗಿನವರು ಮುಖ ತಿರುಗಿಸುವುದೇಕೆ? ನನ್ನ ಅನುಭವದಲ್ಲಿ ಪ್ರಕಾಶಕ ಯಂತ್ರಕ್ಕೆ ಹೆದರುವವನಲ್ಲ. ತನ್ನ ಕೈಯಿಂದ ಹೋಗುವ ಹಣ ಮೊದಲು ಹೋಗಿ, ಬರುವ ಹಣ ಯಾವಾಗ ಬಂದೀತೆಂದು ಹೇಳಲಾಗದ ಕಡೆ ಅವನು ಹಿಂಜರಿಯುತ್ತಾನೆ. ಸೀಸದ ಅಚ್ಚುಮೊಳೆಗಳನ್ನು ಬಿಟ್ಟು ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದಕ್ಕೆ ಬರಲು ಅವನು ಯಾವ ಸಂಸ್ಕೃತಿಯ ಪ್ರಶ್ನೆಯನ್ನೂ ಎತ್ತಲಿಲ್ಲ, ಏಕೆಂದರೆ ಅಲ್ಲಿ ಖರ್ಚು ಕಣ್ಣೆದುರೇ ಇಳಿಯಿತು. ಇ-ಪುಸ್ತಕದಲ್ಲಿ ಹಾಗಿಲ್ಲ. ಕನ್ನಡದ ಸಣ್ಣ ಪ್ರಕಾಶಕನ ಬದುಕು ನಿಂತಿರುವುದು ಬಹುಮಟ್ಟಿಗೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಒಂದು ಶೀರ್ಷಿಕೆ ಆಯ್ಕೆಯಾದರೆ 300 ಪ್ರತಿ ಹೋಗುತ್ತದೆ, ಹಣ ತಡವಾಗಿಯಾದರೂ ಬರುತ್ತದೆ, ಹಾಕಿದ ಬಂಡವಾಳ ಮೇಲೇಳುತ್ತದೆ. ಆ ಆಸರೆ ಇ-ಪುಸ್ತಕಕ್ಕೆ ಇಲ್ಲ. ತೆರಿಗೆಯೂ ಹಾಗೆಯೇ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇಕಡಾ 18 ಇದ್ದದ್ದನ್ನು, ಅದೇ ಪುಸ್ತಕದ ಅಚ್ಚಿನ ಆವೃತ್ತಿಯೂ ಇದ್ದರೆ ಮಾತ್ರ ಶೇಕಡಾ 5 ಎಂದು 2018ರಲ್ಲಿ ಇಳಿಸಿದರು. ಅಂದರೆ ಕಾಗದವಿಲ್ಲದೆ ನೇರವಾಗಿ ತೆರೆಯ ಮೇಲೆ ಹುಟ್ಟುವ ಪುಸ್ತಕಕ್ಕೆ ದಂಡ, ಕಾಗದದ ನೆರಳಿನಲ್ಲಿ ಹುಟ್ಟುವುದಕ್ಕೆ ರಿಯಾಯಿತಿ.

ಹೊರಗಿನ ಕಂಪನಿಗಳೂ ನಮ್ಮವರನ್ನು ಕೈ ಹಿಡಿದು ಕರೆಯಲಿಲ್ಲ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಬಾಗಿಲು ಹೊರಗಿನಿಂದ ಮುಚ್ಚಿದ್ದಾಗ ಒಳಗಿದ್ದವನನ್ನು ಹೊರಗೆ ಬಾರದವನೆಂದು ಬೈದರೆ ಹೇಗೆ? ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಕನ್ನಡದವರೇ 2020ರಲ್ಲಿ ಮೈಲ್ಯಾಂಗ್ ಎಂಬ ಇ-ಪುಸ್ತಕ, ಆಡಿಯೋ ಪುಸ್ತಕಗಳ ವೇದಿಕೆಯನ್ನು ಕಟ್ಟಿದರು, ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳು ಸಿಗುತ್ತವೆ. ಈಗಲೂ ದಾರಿ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಗದಗದಲ್ಲಿ ನಮ್ಮದು ಅಜ್ಜನ ಕಾಲದ ಅಚ್ಚುಕೂಟ. ಆಫ್‌ಸೆಟ್ ಯಂತ್ರ ಹಾಕಿ ಇಪ್ಪತ್ತು ವರ್ಷವಾಯಿತು. ಡಿಜಿಟಲ್ ಮುದ್ರಣದ ಯಂತ್ರ ತರೋಣವೆಂದು ಮಗ ಹಟ ಹಿಡಿದಿದ್ದಾನೆ. ನನಗೆ ಇಬ್ಬರು ಹಳೆಯ ಕೆಲಸಗಾರರ ಚಿಂತೆ. ನಾನು ಬೇಡವೆನ್ನುವುದು ತಪ್ಪೇ? (ಮುದ್ರಕರು, ಗದಗ)

ಉತ್ತರ: ಚಿಂತೆ ತಪ್ಪಲ್ಲ, ಆದರೆ ಬೇಡವೆಂದರೆ ಆ ಚಿಂತೆ ತೀರುತ್ತದೆಯೇ ಎಂಬುದನ್ನು ನೋಡಬೇಕು.

ನಾನು ಕರಡು ತಿದ್ದುವ ಕೆಲಸಕ್ಕೆಂದು ಹುಬ್ಬಳ್ಳಿಯ ಒಂದು ಮುದ್ರಣಾಲಯಕ್ಕೆ ಸೇರಿದಾಗ ಅಲ್ಲಿ ಇನ್ನೂ ಮೊಳೆ ಜೋಡಣೆಯೇ ಇತ್ತು. ಇಳಿಜಾರಾಗಿ ನಿಲ್ಲಿಸಿದ ಕೇಸಿನ, ಅಂದರೆ ಮೊಳೆಗಳನ್ನಿಡುವ ಪೆಟ್ಟಿಗೆಯ ಎದುರು ಮೊಳೆ ಜೋಡಿಸುವ ಕಂಪೋಸಿಟರ್ ದಿನವಿಡೀ ನಿಂತಿರುತ್ತಿದ್ದ. ಗುಣಿತಾಕ್ಷರಕ್ಕೊಂದು ಮನೆ, ಒತ್ತಕ್ಷರಕ್ಕೊಂದು ಮನೆ. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್, ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ತಾನಾಗಿ ಮನೆಯಿಂದ ಮನೆಗೆ ಓಡುತ್ತಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುಗಿರುವ ಅಕ್ಷರಗಳನ್ನು ಆತ ನಾವು ದಿನಪತ್ರಿಕೆ ಓದುವಷ್ಟು ಸಲೀಸಾಗಿ ಓದುತ್ತಿದ್ದ. ಮೊಳೆಗಳು ಇದ್ದದ್ದು ಅಳತೆಗೆ ತಕ್ಕಷ್ಟೇ ಆದ್ದರಿಂದ ಒಂದೆರಡು ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಅಚ್ಚಾದ ಮೇಲೆ ಅವನ್ನು ಬಿಚ್ಚಿ, ಒಂದೊಂದೇ ಮೊಳೆಯನ್ನು ಅದರದರ ಮನೆಗೆ ಸೇರಿಸಿ, ಆಮೇಲೆ ಮುಂದಿನ ಪುಟಕ್ಕೆ ಹೋಗಬೇಕಿತ್ತು. ಎರಡನೆಯ ಮುದ್ರಣವೆಂದರೆ ಮೊದಲ ಪುಟದಿಂದ ಮತ್ತೆ ಜೋಡಣೆ. ಕಂಪ್ಯೂಟರ್ ಬಂದಾಗ ನಮ್ಮಲ್ಲಿದ್ದ ಮೂವರು ಕಂಪೋಸಿಟರರಲ್ಲಿ ಒಬ್ಬರನ್ನೂ ಕೀಲಿಮಣೆಯ ಮುಂದೆ ಕೂರಿಸಲಿಲ್ಲ. ಭಾಷೆ ಗೊತ್ತಿದ್ದ, ಕಾಗುಣಿತ ಗೊತ್ತಿದ್ದ ಆ ಮೂವರನ್ನು ಮನೆಗೆ ಕಳುಹಿಸಿ, ಟೈಪಿಂಗ್ ಮಾತ್ರ ಕಲಿತಿದ್ದ ಹುಡುಗರನ್ನು ತಂದರು. ಮುಂದಿನ ಹತ್ತು ವರ್ಷ ನಾನು ತಿದ್ದಿದ ಕರಡುಗಳಲ್ಲಿ ತಪ್ಪುಗಳು ಇಮ್ಮಡಿಯಾದದ್ದಕ್ಕೆ ಕಾರಣ ಯಂತ್ರವಲ್ಲ, ಆ ಒಂದು ನಿರ್ಧಾರ.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1814ರ ನವೆಂಬರ್ 29ರಂದು ಮೊದಲ ಬಾರಿಗೆ ಉಗಿಯಂತ್ರದಲ್ಲಿ ಅಚ್ಚಾಯಿತು. ಕೈಯಂತ್ರದಲ್ಲಿ ಗಂಟೆಗೆ ಸುಮಾರು 250 ಹಾಳೆ ಬರುತ್ತಿದ್ದ ಕಡೆ ಕ್ಯೋನಿಗ್ ಎಂಬ ಜರ್ಮನ್ ಕುಶಲಕರ್ಮಿಯ ಯಂತ್ರ 1,100 ಹಾಳೆ ಕೊಟ್ಟಿತು. ಕೆಲಸಗಾರರು ಯಂತ್ರವನ್ನು ಒಡೆದಾರೆಂಬ ಭಯದಿಂದ ಅದನ್ನು ಗುಟ್ಟಾಗಿ ಪಕ್ಕದ ಕಟ್ಟಡದಲ್ಲಿ ನಿಲ್ಲಿಸಿದ್ದರು. ಬೆಳಗಿನ ಜಾವ ಮಾಲೀಕ ಜಾನ್ ವಾಲ್ಟರ್ ಮುದ್ರಣದ ಕೋಣೆಗೆ ಬಂದು, ಪತ್ರಿಕೆ ಆಗಲೇ ಉಗಿಯಲ್ಲಿ ಅಚ್ಚಾಗಿದೆ, ಗಲಾಟೆ ಮಾಡಿದರೆ ತಡೆಯಲು ಜನರಿದ್ದಾರೆ, ಸುಮ್ಮನಿದ್ದರೆ ಬೇರೆ ಕೆಲಸ ಸಿಗುವವರೆಗೂ ಪ್ರತಿಯೊಬ್ಬರ ಕೂಲಿ ನಡೆಯುತ್ತದೆ ಎಂದು ಹೇಳಿದ. ಆತನ ಗುಟ್ಟನ್ನೂ ಬೆದರಿಕೆಯನ್ನೂ ನಾನು ಮೆಚ್ಚಲಾರೆ. ಆದರೆ ಕೊನೆಯ ಮಾತು ನೋಡಿ, ನಮ್ಮ ಮುದ್ರಣಾಲಯದ ಮೂವರಿಗೆ ಅಂಥ ಒಂದು ಮಾತೂ ಸಿಗಲಿಲ್ಲ.

ಇನ್ನು ನಿಮ್ಮ ಯಂತ್ರದ ಲೆಕ್ಕ. ಡೆಮ್ಮಿ 1/8 ಅಳತೆಯ 160 ಪುಟದ ಪುಸ್ತಕಕ್ಕೆ 16 ಪುಟದ 10 ಫಾರಂ ಆಗುತ್ತದೆ. ಪ್ಲೇಟು (ಪುಟಗಳನ್ನು ಮೂಡಿಸಿದ ಲೋಹದ ಹಾಳೆ) ಮತ್ತು ಯಂತ್ರದ ಸಿದ್ಧತೆಗೆ ಫಾರಮ್ಮಿಗೆ 1,000 ರೂಪಾಯಿ ಎಂದು ಸುಮ್ಮನೆ ಹಿಡಿಯೋಣ, ನಿಮ್ಮ ದರ ನಿಮಗೇ ಗೊತ್ತು. ಆ 10,000 ರೂಪಾಯಿಯನ್ನು 1,000 ಪ್ರತಿಗೆ ಹಂಚಿದರೆ ಪ್ರತಿಗೆ 10 ರೂಪಾಯಿ ಬೀಳುತ್ತದೆ, 100 ಪ್ರತಿಗೆ ಹಂಚಿದರೆ 100 ರೂಪಾಯಿ. ಡಿಜಿಟಲ್ ಯಂತ್ರದಲ್ಲಿ ಪ್ಲೇಟೇ ಇಲ್ಲದಿರುವುದರಿಂದ ಮೊದಲ ಪ್ರತಿಗೂ ನೂರನೆಯ ಪ್ರತಿಗೂ ಖರ್ಚು ಹೆಚ್ಚುಕಡಿಮೆ ಒಂದೇ. ಆದರೆ ಸಾವಿರ ಪ್ರತಿಗೆ ಹೋದರೆ ಅದು ಆಫ್‌ಸೆಟ್ಟಿನ ಮುಂದೆ ದುಬಾರಿಯಾಗುತ್ತದೆ. ಮುದ್ರಣ ಕಾಶಿ ಎನ್ನಿಸಿಕೊಂಡ ನಿಮ್ಮೂರಿನಲ್ಲಿ ಪಂಚಾಂಗ, ಶಾಲೆಯ ಗೈಡು, ಲೆಕ್ಕದ ಪುಸ್ತಕಗಳಂಥ ದೊಡ್ಡ ಸಂಖ್ಯೆಯ ಕೆಲಸ ಇರುವವರೆಗೂ ಆಫ್‌ಸೆಟ್ ನಿಲ್ಲುವುದಿಲ್ಲ. ಕವನ ಸಂಕಲನ, ಅಭಿನಂದನ ಗ್ರಂಥ, ಪಿಎಚ್‌ಡಿ ಪ್ರಬಂಧ, ಮುಗಿದುಹೋದ ಹಳೆಯ ಪುಸ್ತಕದ 50 ಪ್ರತಿಗಳು ಡಿಜಿಟಲ್ಲಿಗೆ ಸರಿ. ಮಗ ಯಂತ್ರ ತರಲಿ. ಆ ಇಬ್ಬರಲ್ಲಿ ಒಬ್ಬರಿಗಾದರೂ ಪರ್ಫೆಕ್ಟ್ ಬೈಂಡಿಂಗ್ ಮತ್ತು ಕಟಿಂಗ್ ಕೆಲಸ ಒಪ್ಪಿಸಿ; ಸಣ್ಣ ಸಂಖ್ಯೆಯ ಪುಸ್ತಕಗಳು ಹಾಳಾಗುವುದು ಮುದ್ರಣದಲ್ಲಿ ಅಲ್ಲ, ಬೆನ್ನಿಗೆ ಹಚ್ಚುವ ಅಂಟಿನಲ್ಲಿ, ಮತ್ತು ಅದಕ್ಕೆ ಬೇಕಾದದ್ದು ಹಳೆಯ ಕೈ.

ಪ್ರಶ್ನೆ: ನನ್ನ ಕಾದಂಬರಿ ಬಂದು ಹದಿನೈದು ವರ್ಷವಾಯಿತು. ಇ-ಪುಸ್ತಕ ಮಾಡಲು ಪ್ರಕಾಶಕರು ಒಪ್ಪಿದರು, ಫೈಲನ್ನೂ ಕೊಟ್ಟರು. ಆದರೆ ಇ-ಪುಸ್ತಕ ಮಾಡುವವರು ಈ ಫೈಲು ಉಪಯೋಗಕ್ಕೆ ಬಾರದು, ಮತ್ತೆ ಟೈಪ್ ಮಾಡಿಸಿ ಎನ್ನುತ್ತಾರೆ. ಕಂಪ್ಯೂಟರಿನಲ್ಲೇ ಇರುವ ಪುಸ್ತಕ ಕಂಪ್ಯೂಟರಿಗೆ ಆಗದೆಂದರೆ ಏನರ್ಥ? (ಲೇಖಕಿ, ಹುಬ್ಬಳ್ಳಿ)

ಉತ್ತರ: ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ನಿಮ್ಮದು. ಹೊಸ ತಂತ್ರಜ್ಞಾನವನ್ನು ಪೂರ್ತಿ ದೂರವಿಟ್ಟವರಿಂದ ಆಗಿರುವುದಕ್ಕಿಂತ ಅರ್ಧ ಒಪ್ಪಿಕೊಂಡು ಅಲ್ಲೇ ನಿಂತವರಿಂದಲೇ ಕನ್ನಡ ಪುಸ್ತಕಕ್ಕೆ ಹೆಚ್ಚು ನಷ್ಟವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಡೆದದ್ದು ಇಷ್ಟು. ಡಿಟಿಪಿ ಬಂದ ಕಾಲದಲ್ಲಿ ಶ್ರೀಲಿಪಿ, ಆಕೃತಿ, ಬರಹ, ನುಡಿ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡ ಅಕ್ಷರದ ತುಂಡುಗಳ ಚಿತ್ರಗಳನ್ನು ಕೂರಿಸಿ ಕೆಲಸ ಸಾಗಿಸಿದವು. ತೆರೆಯ ಮೇಲೆ ಕಾಣುವುದು ಕನ್ನಡ, ಯಂತ್ರದ ಹೊಟ್ಟೆಯೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಆ ಗೋಜಲೇ ಕಾಣುತ್ತದೆ. ಒಂದು ಪದ ಹುಡುಕಲೂ ಆಗುವುದಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಟ್ಟ ಯುನಿಕೋಡ್ 1991ರಲ್ಲೇ ಬಂದಿತ್ತು. ಆದರೆ ನಮ್ಮ ಮುದ್ರಣಾಲಯಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯೇ 2001ರದ್ದು, ಅದಕ್ಕೆ ಯುನಿಕೋಡ್ ತಿಳಿಯದು. ಬಳಸಿ ಬಳಸಿ ಕೈಗೆ ಹತ್ತಿದ ಆ ತಂತ್ರಾಂಶವನ್ನು ಬಿಡದೆ ಇಂದಿಗೂ ಪುಟ ಕಟ್ಟುವವರಿದ್ದಾರೆ. ಅಚ್ಚಿನ ಮಟ್ಟಿಗೆ ಏನೂ ಕೊರತೆ ಕಾಣದು, ಕಾಗದಕ್ಕೆ ಸಂಕೇತದ ಹಂಗಿಲ್ಲವಲ್ಲ.

ಮತ್ತೆ ಟೈಪ್ ಮಾಡಿಸುವ ಮೊದಲು ಪರಿವರ್ತಕವನ್ನು ಬಳಸಿ ನೋಡಿ. ನುಡಿ ಮತ್ತು ಬರಹ ಫಾಂಟುಗಳಿಂದ ಯುನಿಕೋಡಿಗೆ ತರುವ ಉಚಿತ ಸಾಧನಗಳು ಸಿಗುತ್ತವೆ. ಯಾವ ಫಾಂಟ್ ಎಂಬುದನ್ನು ಪ್ರಕಾಶಕರಿಂದ ಖಚಿತ ಮಾಡಿಕೊಳ್ಳಿ, ಒಂದರ ಪರಿವರ್ತಕ ಇನ್ನೊಂದಕ್ಕೆ ನಡೆಯದು. ಆಮೇಲೆ ಇಡೀ ಪುಸ್ತಕವನ್ನು ಮತ್ತೊಮ್ಮೆ ಕರಡು ತಿದ್ದುವುದು ತಪ್ಪದು. ನನ್ನದೇ ಪ್ರಬಂಧ ಸಂಕಲನವೊಂದನ್ನು ಪ್ರಕಾಶಕರೊಬ್ಬರು ಹೀಗೆ ಪರಿವರ್ತಿಸಿ, ತಿದ್ದದೆ ಮಾರಾಟಕ್ಕೆ ಬಿಟ್ಟರು. ‘ರಾಜ್‌ಕುಮಾರ್’ ಎಂದಿದ್ದಲ್ಲೆಲ್ಲ ‘ರಾಜ್ಕುಮಾರ್’ ಆಗಿತ್ತು, ‘ಬುಕ್‌ಸ್ಟಾಲ್’ ಎಂಬುದು ‘ಬುಕ್ಸ್ಟಾಲ್’ ಆಗಿತ್ತು. ಎರಡು ವ್ಯಂಜನ ಒಂದರಡಿ ಒಂದು ಕೂರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಯುನಿಕೋಡಿನಲ್ಲಿದೆ, ಪರಿವರ್ತಕ ಅದನ್ನು ಹಾಕಿರಲಿಲ್ಲ. ನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಎರಡು ಪುಸ್ತಕಗಳ ಹೆಸರುಗಳಂತೂ ಯಾವ ಭಾಷೆಯೂ ಅಲ್ಲದ ಕನ್ನಡ ಅಕ್ಷರಗಳ ರಾಶಿಯಾಗಿದ್ದವು. ಪರಿವರ್ತಕ ಅವನ್ನೂ ಹಳೆಯ ಕನ್ನಡ ಫಾಂಟೆಂದೇ ತಿಳಿದಿತ್ತು. ಅರ್ಕಾವತ್ತು ಬರುವ ಪದಗಳನ್ನು ವಿಶೇಷವಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ, ಯುನಿಕೋಡಿನಲ್ಲಿ ಮೊದಲು. ಪರಿವರ್ತಕ ಎಡವಿದರೆ ‘ಸೂರ್ಯ’ನೂ ನೆಟ್ಟಗೆ ಹುಟ್ಟುವುದಿಲ್ಲ.

ಪ್ರಶ್ನೆ: 1998ರಲ್ಲಿ ನನ್ನ ಕಥಾಸಂಕಲನಕ್ಕೆ ‘ಎಲ್ಲ ಹಕ್ಕುಗಳು ಪ್ರಕಾಶಕರವು’ ಎಂಬ ಒಂದು ಸಾಲಿನ ಕಾಗದಕ್ಕೆ ಸಹಿ ಹಾಕಿದ್ದೆ. ಈಗ ಅವರು ಇ-ಪುಸ್ತಕ ಮಾಡುವುದಿಲ್ಲ, ಬೇರೆಯವರಿಗೆ ಕೊಡಲೂ ಬಿಡುವುದಿಲ್ಲ. (ನಿವೃತ್ತ ಶಿಕ್ಷಕರು, ಹಾವೇರಿ)

ಉತ್ತರ: ಆ ಒಂದು ಸಾಲಿಗೆ ಅವರು ಭಾವಿಸಿರುವಷ್ಟು ಬಲವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೇ ತಿಳಿಯಬೇಕು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಒಪ್ಪಂದದ ಕಾಲಕ್ಕೆ ಇಲ್ಲದಿದ್ದ ಅಥವಾ ವಾಣಿಜ್ಯ ಬಳಕೆಗೆ ಬಂದಿರದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆಯದ ಹೊರತು, ವರ್ಗಾವಣೆ ಅನ್ವಯಿಸದು ಎನ್ನುತ್ತದೆ. ಪ್ರಕಾಶಕರಿಗೆ ಈ ಕಲಮನ್ನು ಉಲ್ಲೇಖಿಸಿ ರಿಜಿಸ್ಟರ್ಡ್ ಪತ್ರ ಬರೆಯಿರಿ, ಬರೆಯುವ ಮೊದಲು ಆ ಕಾಗದವನ್ನು ವಕೀಲರೊಬ್ಬರಿಗೆ ತೋರಿಸಿರಿ. ಹೊಸ ಒಪ್ಪಂದ ಮಾಡಿಕೊಳ್ಳುವವರು ಅಚ್ಚು, ಇ-ಪುಸ್ತಕ, ಧ್ವನಿ, ಅನುವಾದ ಇವಕ್ಕೆ ಬೇರೆ ಬೇರೆ ಸಾಲು ಬರೆಸಿಕೊಳ್ಳಬೇಕು.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಮೊಬೈಲು ಓದಿ ಹೇಳಿದ್ದನ್ನು ಕೇಳಿಯೇ ಎಂ.ಎ. ಮುಗಿಸಿದೆ. ಪುಸ್ತಕ ಕೊಂಡು, ಅದರ ರಸೀದಿ ಸಮೇತ ಫೈಲು ಕೇಳಿದರೂ ಪ್ರಕಾಶಕರು ‘ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ, ಕೊಡುವುದಿಲ್ಲ’ ಎನ್ನುತ್ತಾರೆ. (ಹುಬ್ಬಳ್ಳಿ)

ಉತ್ತರ: ಕಳ್ಳ ಪ್ರತಿಯ ಭಯ ಸುಳ್ಳಲ್ಲ, ಹೊಸ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವ ಗುಂಪುಗಳನ್ನು ನಾನೂ ಕಂಡಿದ್ದೇನೆ. ಆದರೆ ಅವು ಹುಟ್ಟುವುದು ಅಂಗಡಿಯಲ್ಲಿ ಕೊಂಡ ಅಚ್ಚಿನ ಪ್ರತಿಯಿಂದ. ಅದನ್ನು ತಡೆಯಲಾಗದವರು ರಸೀದಿ ಹಿಡಿದು ಬಂದ ಓದುಗರ ಮುಂದೆ ಬಾಗಿಲು ಹಾಕುವುದು ನನಗೆ ನಾಚಿಕೆಗೇಡೆನಿಸುತ್ತದೆ. ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಪರಿವರ್ತಿಸಿಕೊಳ್ಳಲು 2012ರ ತಿದ್ದುಪಡಿಯೇ ಅನುಮತಿ ಕೊಟ್ಟಿದೆ, ಅದಕ್ಕೆ ಪ್ರಕಾಶಕರ ಒಪ್ಪಿಗೆ ಬೇಕಿಲ್ಲ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಹಾಗಾಗಿ ಪುಸ್ತಕವನ್ನು ಸ್ಕ್ಯಾನ್ ಮಾಡಿಸಿ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಕನ್ನಡ ಒಸಿಆರ್ ತಂತ್ರಾಂಶದ ಮೂಲಕ ಪಠ್ಯ ಮಾಡಿಕೊಳ್ಳಲು ನಿಮಗೆ ಹಕ್ಕಿದೆ. ಫೈಲು ಸಿಕ್ಕರೂ ಅದು ಯುನಿಕೋಡಿನಲ್ಲಿದೆಯೇ ಎಂದು ಕೇಳಿ. ಮೇಲಿನ ಲೇಖಕಿಯ ಫೈಲಿನಂಥದ್ದನ್ನು ಕೊಟ್ಟರೆ ನಿಮ್ಮ ಮೊಬೈಲು ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಚಿಹ್ನೆಗಳನ್ನು ಒಂದೊಂದಾಗಿ ಉಚ್ಚರಿಸುತ್ತ ಹೋಗುತ್ತದೆ.

ಪ್ರಶ್ನೆ: ಹೊಸ ಪುಸ್ತಕದ ಕಾಗದದ ವಾಸನೆ ಮೊಬೈಲಿನಲ್ಲಿ ಸಿಗುತ್ತದೆಯೇ? (ಓದುಗರು, ಲಕ್ಷ್ಮೇಶ್ವರ)

ಉತ್ತರ: ಸಿಗುವುದಿಲ್ಲ. ನನ್ನ ಮನೆಯ ಕಪಾಟಿನ ಪುಸ್ತಕಗಳಿಗೆ ಈಗ ಬರುವುದು ಡಾಂಬರು ಗುಳಿಗೆಯ ವಾಸನೆ.

ಪ್ರಶ್ನೆ: ಮೂವತ್ತು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಈಗ ಎಐ ಇದೆ, ಕರಡಿಗೆ ಕೊಡುವುದಿಲ್ಲ ಎಂದು ಇಬ್ಬರು ಪ್ರಕಾಶಕರು ಹೇಳಿದರು. ನಾನು ಈ ಯಂತ್ರವನ್ನು ವಿರೋಧಿಸಬೇಕೇ, ಕಲಿಯಬೇಕೇ? (ಧಾರವಾಡ)

ಉತ್ತರ: ನೀವು ನನ್ನ ವೃತ್ತಿಬಂಧು, ಆದ್ದರಿಂದ ಸುತ್ತಿ ಬಳಸಿ ಹೇಳುವುದಿಲ್ಲ. ಕಲಿಯಿರಿ. ಅಲ್ಪಪ್ರಾಣ ಮಹಾಪ್ರಾಣದ ತಪ್ಪು, ಎರಡು ಸಲ ಬಂದ ಪದ, ಮುಚ್ಚದ ಉದ್ಧರಣ ಚಿಹ್ನೆ ಇಂಥವನ್ನು ಯಂತ್ರ ನಮ್ಮ ಕಣ್ಣಿಗಿಂತ ಬೇಗ ಹಿಡಿಯುತ್ತದೆ, ದಣಿಯುವುದೂ ಇಲ್ಲ. ಅದನ್ನು ಮೊದಲ ಸುತ್ತಿಗೆ ಬಳಸಿಕೊಂಡು ನಿಮ್ಮ ಸಮಯವನ್ನು ಎರಡನೆಯ ಸುತ್ತಿಗೆ ಉಳಿಸಿಕೊಳ್ಳಿ. ಫಾರಮ್ಮಿನ ದರವನ್ನು ಮಾತ್ರ ಇಳಿಸಬೇಡಿ. ಎರಡನೆಯ ಸುತ್ತಿನ ಬೆಲೆ ಆ ಪ್ರಕಾಶಕರಿಗೆ ತಿಳಿಯಬೇಕಾದರೆ ಒಂದು ಫಾರಮ್ಮನ್ನು ಪುಕ್ಕಟೆಯಾಗಿ ತಿದ್ದಿ, ಯಂತ್ರ ತಿದ್ದಿದ ಪ್ರತಿಯ ಪಕ್ಕದಲ್ಲಿ ಇಟ್ಟು ತೋರಿಸಿರಿ.

ನಾನು ಇತ್ತೀಚೆಗೆ ಹಾಗೆಯೇ ಮಾಡಿದೆ. ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ನಡೆಯುವ ಕಥೆ ಅದು. ಯಂತ್ರ ‘ಹೋಗೂಣು’ ಎಂಬುದನ್ನು ‘ಹೋಗೋಣ’ ಎಂದು, ‘ಮಾಡಾಕತ್ತಾನ’ ಎಂಬುದನ್ನು ‘ಮಾಡುತ್ತಿದ್ದಾನೆ’ ಎಂದು, ‘ಯಾಕ್ರೀ’ ಎಂಬುದನ್ನು ‘ಏಕೆ’ ಎಂದು ಒಂದೂ ಬಿಡದೆ ತಿದ್ದಿತ್ತು. ಕಾಗುಣಿತ ಎಲ್ಲಿಯೂ ತಪ್ಪಿರಲಿಲ್ಲ. ಎಂಬತ್ತು ವರ್ಷದ ಅಜ್ಜಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, ವಾರ್ತೆ ಓದುವವರ ಹಾಗೆ ಮಾತನಾಡುತ್ತಿದ್ದಳು.